ಇಪ್ಪತ್ತೊಂದು ನಮಸ್ಕಾರ

ಎದೆಯ ಕಿಸೆಯಲ್ಲಿದ್ದ ಫೋನು ಟಿಣ್ ಎಂದಾಗ ಮಾಳಿಂಗರಾಯ ಮರಿಯೊಂದರ ಕಾಲಿನಿಂದ ಮುಳ್ಳು ಕೀಳುತ್ತಿದ್ದ. ಟಿಣ್ ಎಂದ ಕೂಡಲೇ ಅವನ ಬೆನ್ನು ತಾನಾಗಿ ನೆಟ್ಟಗಾಯಿತು. ಸುತ್ತ ಕಣ್ಣು ಹಾಯುವಷ್ಟು ದೂರ ಕಡಲೆ ಕಿತ್ತು ಬೋಳಾದ ಕರಿಮಣ್ಣಿನ ಹೊಲ, ಅಣ್ಣಿಗೇರಿಯ ದಿಕ್ಕಿಗೆ ಒಂದೇ ಒಂದು ಜಾಲಿಯ ಗಿಡ, ನೋಡಲು ಹೊರಗಿನವರು ಯಾರೂ ಇಲ್ಲ. ಆದರೂ ಹೈಸ್ಕೂಲಿನ ಹನುಮೇಶ ಮಾಸ್ತರು ಬದುವಿನ ಮೇಲೆ ಬಂದು ನಿಂತರೇನೋ ಎಂಬಂತೆ ಅವನು ಎದ್ದು ನಿಂತ, ಅಂಗೈಯ ಮಣ್ಣನ್ನು ಧೋತರಕ್ಕೆ ಒರೆಸಿಕೊಂಡ, ರುಮಾಲು ಸರಿಮಾಡಿಕೊಂಡ, ಆಮೇಲೆ ಫೋನು ಹೊರತೆಗೆದ. ಮಗಳ ತರಗತಿಯ ತಂದೆತಾಯಿಗಳಿಗೆಂದು ಮಾಸ್ತರು ಮಾಡಿದ ಗ್ರೂಪದು. ದಿನಾ ಅದರಲ್ಲಿ ಅಕ್ಷರಗಳು ಬಂದು ಬೀಳುತ್ತಿದ್ದವು, ಬಲೆಯ ಬೇಲಿಯೊಳಗೆ ಕೂಡಿಹಾಕಿದ ಕುರಿಗಳ ಹಾಗೆ ಒತ್ತೊತ್ತಾಗಿ. ಕುರಿಗಳಾದರೆ ನೂರೈವತ್ತರ ಮುಖವೂ ಅವನಿಗೆ ಬೇರೆಬೇರೆಯಾಗಿ ಗೊತ್ತು. ಅಕ್ಷರಗಳಲ್ಲಿ ಐದರದು ಮಾತ್ರ, ಅವನ ಹೆಸರಿನವು. ಅವನು ಕೆಳಗೆ ಬೆರಳಾಡಿಸಿ, ಹಳದಿ ಮುಖಗಳ ಸಂತೆಯಲ್ಲಿ ಜೋಡಿಸಿದ ಎರಡು ಕೈಗಳನ್ನು ಹುಡುಕಿ ಒತ್ತುತ್ತಿದ್ದ. ಈಗೀಗ ಹುಡುಕುವುದೂ ಬೇಕಿರಲಿಲ್ಲ, ಹೆಬ್ಬೆರಳಿಗೆ ದಾರಿ ಗೊತ್ತಿತ್ತು. ಒತ್ತಿದ ಮೇಲೆ ಎದೆಯಲ್ಲಿ ಏನೋ ಹಗುರ. ಮಗಳ ಶಾಲೆಗೆ ಹೋಗಿ, ಮಾಸ್ತರಿಗೆ ಶರಣು ಹೇಳಿ, ಅವರು ತಲೆ ಅಲ್ಲಾಡಿಸಿದ ಮೇಲೆ ಹೊರಬಂದಷ್ಟು ಹಗುರ.

ಜೂನ್ ತಿಂಗಳಲ್ಲಿ ಹಾಗೇ ಒಂದು ಸಭೆಗೆ ಹೋಗಿದ್ದ. ಮಿಶ್ರಿಕೋಟಿಯ ಆಚೆಗಿನ ಅವರ ಊರಿನ ಹೈಸ್ಕೂಲಿನಲ್ಲಿ ಪಾಲಕರೆಲ್ಲ ಬೆಂಚಿನ ಮೇಲೆ ಕೂತಿದ್ದರು. ಇವನಿಗೆ ಯಾರೂ ಕೆಳಗೆ ಕೂಡೆಂದು ಹೇಳಿರಲಿಲ್ಲ; ಹೆಗಲ ಮೇಲಿನ ಕಂಬಳಿಯ ವಾಸನೆ ತನಗೇ ಬಂದಂತಾಗಿ ಬಾಗಿಲ ಬಾಜು ನೆಲಕ್ಕೆ ಕೂತಿದ್ದ. ಹಾಜರಿಗೆ ಸಹಿ ಹಾಕಿರೆಂದು ಪುಸ್ತಕ ಕೈಗೆ ಬಂದಾಗ, ಮಗಳು ಸುಧಾರಾಣಿ ಕಲಿಸಿದ ಐದು ಅಕ್ಷರಗಳನ್ನು ನಿಧಾನವಾಗಿ ಗೀಚಿ ಕೊಟ್ಟ. ಎಷ್ಟು ಹೆಮ್ಮೆಯಾಗಿತ್ತು ಅವತ್ತು! ಆ ಹೆಮ್ಮೆಯಲ್ಲೇ ಮುಂದಿನ ಮಾತು ಹೇಳುವುದು ಉಳಿದುಹೋಯಿತು. ಹೆಸರು ಬರೆದವನಿಗೆ ಓದಲು ಬರುವುದಿಲ್ಲವೆಂದು ಮಾಸ್ತರಿಗೆ ಹೇಗೆ ತಿಳಿಯಬೇಕು? ಅವರು ಎಲ್ಲರ ಫೋನಿನಲ್ಲಿ ಗ್ರೂಪು ಹಾಕಿಕೊಟ್ಟು, "ನಾ ಕಳಿಸಿದ್ದನ್ನ ನೋಡಿದ್ರಿ ಅಂತ ನನಗ ತಿಳೀಬೇಕ್ರೀ, ಏನರ ಒಂದು ಒತ್ತಬೇಕು" ಎಂದರು. ಏನು ಒತ್ತಲಿ ಎಂದು ಇವನು ಪಕ್ಕದ ಬೆಂಚಿನ ಅಜೀಜಾಬಿಯನ್ನು ಕೇಳಿದ. ಅವಳ ಮಗನೂ ಅದೇ ತರಗತಿ. "ಈ ಕೈ ಮುಗ್ಯೂ ಚಿತ್ರ ಒತ್ತಣ್ಣಾ. ಒಳ್ಳೇ ಸುದ್ದಿಗೂ ನಡೀತೈತಿ, ಸತ್ತ ಸುದ್ದಿಗೂ ನಡೀತೈತಿ" ಎಂದು ಅವಳು ನಕ್ಕು ತೋರಿಸಿದ್ದಳು.

ಇವತ್ತು ಬಂದದ್ದು ಅಕ್ಷರಗಳಲ್ಲ. ಚೂಪು ಮೂತಿಯ ಗುರುತು ಬಂದಿತ್ತು, ಒತ್ತಿದರೆ ದನಿ ಬರುವಂಥದ್ದು. ಒತ್ತಿದ. ಮಾಸ್ತರ ದನಿ ಬಯಲಿನಲ್ಲಿ ಎದ್ದು ನಿಂತಿತು: "ಮಾಳಿಂಗರಾಯ ಅವರ, ನಿಮ್ಮ ನಮಸ್ಕಾರ ಸಾಕು ಮಾಡ್ರಿ ಇನ್ನ. ಈ ತಿಂಗಳs ಇಪ್ಪತ್ತೊಂದು ಆದೂವು. ಅವನ್ನ ತಗೊಂಡು ನಾ ಏನು ಮಾಡ್ಲಿ? ಮ್ಯಾಲ ಬರದದ್ದನ್ನ ಒಮ್ಮೆರ ಓದೀರೇನು?"

ಮರಿ ಕುಂಟುತ್ತ ತಾಯಿಯ ಕಡೆ ಓಡಿತು. ಮುಳ್ಳು ಅರ್ಧ ಇನ್ನೂ ಕಾಲಿನಲ್ಲೇ ಇತ್ತು. ಅವನು ದನಿಯನ್ನು ಇನ್ನೊಮ್ಮೆ ಕೇಳಿದ, ಮತ್ತೊಮ್ಮೆ ಕೇಳಿದ. ಜೋರಾಗಿ ಬೈದಿದ್ದರೆ ಸುಲಭವಿತ್ತು. ಮಾಸ್ತರ ಮಾತಿನಲ್ಲಿ ಬೈಗುಳವಿರಲಿಲ್ಲ, ಸಾಕಾಗಿ ಹೋದ ಮನುಷ್ಯನ ಉಸಿರಿತ್ತು. ಗ್ರೂಪಿನ ನಲವತ್ತೆರಡು ಮನೆಗಳಲ್ಲಿ ಈಗ ಇದೇ ಉಸಿರು ಕೇಳುತ್ತಿದೆ ಎಂದು ಹೊಳೆದು ಅವನ ಕಿವಿ ಬಿಸಿಯಾದವು. ಬಲೆಯ ಗೂಟ ಕೀಳುತ್ತಿದ್ದ ಶಿದ್ಲಿಂಗಪ್ಪ, ಅವನ ಹೆಂಡತಿಯ ಅಣ್ಣ, ಹಿಂಡಿನ ಇನ್ನೊಬ್ಬ ಪಾಲುದಾರ, ಆ ತುದಿಯಿಂದಲೇ ಕೂಗಿದ: "ಏನಂತೋ ಮಾಸ್ತರಂದು?"

"ಏನಿಲ್ಲೋ ಮಾವಾ. ಮಾತಾಡ್ಸಿದ್ರು."

ಓದುವವರು ಬೇಕಿತ್ತು. ಹೊಲದ ಯಜಮಾನ ಕುಬೇರಪ್ಪ ದಿನಾ ಹೊತ್ತೇರುವ ಮೊದಲು ಮೋಟರ್ ಸೈಕಲ್ಲಿನಲ್ಲಿ ಬಂದು, ಗೊಬ್ಬರಕ್ಕೆಂದು ರಾತ್ರಿ ಕುರಿ ಕೂಡಿಹಾಕಿದ ಜಾಗದಲ್ಲಿ ಹಿಕ್ಕೆ ಎಷ್ಟು ಬಿದ್ದಿದೆಯೆಂದು ಕಾಲಿನಿಂದ ಕೆದರಿ ನೋಡಿ ಹೋಗುತ್ತಿದ್ದ. ಅವತ್ತೂ ಬಂದ. "ಆ ಮೂಲಿಗೆ ಕುರಿ ನಿಂತs ಇಲ್ಲಲ್ಲೋ ಮಾಳಿಂಗಾ, ಅಲ್ಲೇನು ದೆವ್ವ ಐತೇನು?" ಎಂದ. ಮಾಳಿಂಗರಾಯ ಫೋನು ಚಾಚಿದ. "ಸಾವ್ಕಾರ್ರ, ಇದರಾಗ ಏನ್ ಬರದಾರ ಒಂಚೂರು ಓದ್ರಿ."

"ಇಷ್ಟು ದೊಡ್ಡ ಫೋನ್ ಇಟಗೊಂಡು ಓದಾಕ ನನ್ನ ಹುಡುಕ್ತಿಯಲ್ಲೋ!" ಕುಬೇರಪ್ಪ ಗಾಡಿಯ ಮೇಲೆಯೇ ಕೂತು, ಕಿಸೆಯಿಂದ ಚಸ್ಮಾ ತೆಗೆದು, ತಾನೇ ಮಾಸ್ತರನಾದಂತೆ ಗಂಟಲು ಸರಿಪಡಿಸಿಕೊಂಡು ಶುರುಮಾಡಿದ. "ಪರೀಕ್ಷೆ ಹತ್ತಿರ ಬಂದುದರಿಂದ ಈ ತಿಂಗಳಿನಿಂದ ಪ್ರಶ್ನೆಗಳು ಗ್ರೂಪಿನಲ್ಲೇ ಬರುತ್ತವೆ... ಇಂದಿನ ಗಣಿತದ ಪ್ರಶ್ನೆಗಳು. ಮಕ್ಕಳು ಬಿಡಿಸಿ ತರತಕ್ಕದ್ದು... ಕೆಳಗ ನಿನ್ನ ನಮಸ್ಕಾರ. ಇಂದಿನ ವಿಜ್ಞಾನದ ಪ್ರಶ್ನೆಗಳು... ನಮಸ್ಕಾರ. ಸುಧಾರಾಣಿ ಪ್ರಶ್ನೆಗಳನ್ನು ಬಿಡಿಸಿರುವುದಿಲ್ಲ... ನಮಸ್ಕಾರ. ಏ, ಇದೇನೋ? ಸುಧಾರಾಣಿ ಮನೆಯಲ್ಲಿ ಫೋನು ಇಲ್ಲವೆಂದು ಹೇಳುತ್ತಾಳೆ, ಪಾಲಕರು ಗಮನಿಸಿ." ಕುಬೇರಪ್ಪನಿಗೆ ನಗು ಬಂತು. "ಇದಕ್ಕೂ ಕೈ ಮುಗದಿಯಲ್ಲೋ ಮಾರಾಯಾ! ಫೋನ್ ಇಲ್ಲಂತ ಆಕಿ, ಫೋನಿನ್ಯಾಗ ಕೈ ಮುಗ್ಯಾಂವ ನೀ."

ಮಾಳಿಂಗರಾಯನೂ ನಗಲು ನೋಡಿದ. ದೊಡ್ಡವರು ನಕ್ಕಾಗ ಸುಮ್ಮನಿರುವುದು ಅವನಿಗೆ ಬರುತ್ತಿರಲಿಲ್ಲ.

ಕುಬೇರಪ್ಪ ಓದುತ್ತ ಹೋದಂತೆ ಅವನ ದನಿಯೊಳಗಿನ ಮಾಸ್ತರ ಇಳಿಯತೊಡಗಿದ. "ಸುಧಾರಾಣಿ ಸುಳ್ಳು ಹೇಳುತ್ತಿದ್ದಾಳೆ. ತಂದೆಯವರು ದಿನಾ ಗ್ರೂಪು ನೋಡುತ್ತಿದ್ದಾರೆ... ಸುಧಾರಾಣಿಯನ್ನು ಇಂದು ತರಗತಿಯ ಹೊರಗೆ ನಿಲ್ಲಿಸಲಾಗಿದೆ... ಇಂದೂ ನಿಲ್ಲಿಸಲಾಗಿದೆ... ತಂದೆಯವರು ಬಂದು ಮಾತಾಡುವ ತನಕ..." ಅಲ್ಲಿಗೆ ನಿಲ್ಲಿಸಿ, ಒಂದು ಚಿತ್ರವನ್ನು ದೊಡ್ಡದು ಮಾಡಿ ಹಿಡಿದ. "ಇವಳs ಏನು?"

ಇವಳೇ. ಆ ಚಿತ್ರ ಅವನಿಗೆ ಗೊತ್ತಿತ್ತು. ವಾರದ ಹಿಂದೆ ಅದು ಬಂದಾಗ ಅವನು ಶಿದ್ಲಿಂಗಪ್ಪನನ್ನು ಕೂಗಿ ಕರೆದಿದ್ದ: "ನೋಡೋ ಮಾವಾ, ನಮ್ಮ ಸುಧಾನ ಫೋಟೋ ಹಾಕ್ಯಾರ ಸಾಲ್ಯಾಗ!" ವರಾಂಡದ ಕಂಬದ ಹತ್ತಿರ ಹೆಗಲಿಗೆ ಚೀಲ ಹಾಕಿ, ತಲೆ ಬಗ್ಗಿಸಿ ನಿಂತ ಹುಡುಗಿ. ನಾಚಿಕೆ ಅವಳಿಗೆ, ಚಿಕ್ಕಂದಿನಿಂದಲೂ ಹಾಗೇ, ಎಂದು ಇವನು ವಿವರಿಸಿದ್ದ. ಇಡೀ ತರಗತಿಯಲ್ಲಿ ಅವಳೊಬ್ಬಳದೇ ಚಿತ್ರ. ಶಿದ್ಲಿಂಗಪ್ಪ ತಂಬಾಕು ತಿಕ್ಕುತ್ತ, ಏನರ ಬಹುಮಾನ ಬಂದಿರಬೇಕು ಎಂದಿದ್ದ. ಆಮೇಲೆ ಆ ವಾರವೆಲ್ಲ, ಕುರಿ ನೆರಳಿಗೆ ಬಿದ್ದಾಗ, ಹೊಳೆಯ ದಂಡೆಯಲ್ಲಿ ಕೂತಾಗ, ಅವನು ಆ ಚಿತ್ರ ತೆಗೆದು ನೋಡುತ್ತಿದ್ದ. ಅವಳ ಕೆಳಗೆ ಒಂದು ನಮಸ್ಕಾರ ಸಾಲದೆನಿಸಿ ಎರಡು ಹಾಕಿದ್ದ.

"ಸಾಲ್ಯಾಗ ಇಂಥಾವು ಇದ್ದದ್ದs" ಎಂದ ಕುಬೇರಪ್ಪ ಚಸ್ಮಾ ತೆಗೆಯುತ್ತ. ಅವನಿಗೂ ಈಗ ಹೊರಡಬೇಕಿತ್ತು. "ಒಂದು ಮಾತು ಹೇಳಿಬಿಡು ಮಾಸ್ತರಗ. ಈ ಮೈಕಿನ ಗುರುತು ಒತ್ತಿ ಹಿಡಕೊಂಡು ಮಾತಾಡು, ಹೋಗತೈತಿ." ಗಾಡಿ ಬದು ಹತ್ತಿ ಇಳಿದು ಮರೆಯಾಯಿತು.

ಒತ್ತಿ ಹಿಡಿದ. ಹೇಳಬೇಕಾದದ್ದೆಲ್ಲ ಎದೆಯಲ್ಲಿ ಇತ್ತು. ಬಾಯಿ ತೆರೆದರೆ ಬಂದದ್ದು, "ನಮಸ್ಕಾರ್ರೀ ಸರ..." ಅಷ್ಟೇ. ಅದೇ ಹೊತ್ತಿಗೆ ಶಿದ್ಲಿಂಗಪ್ಪ ಬಲೆಯ ಒಂದು ಮಗ್ಗುಲು ಬಿಚ್ಚಿದ್ದ. ಕೂಡಿಹಾಕಿದ ಹಿಂಡು ಒಮ್ಮೆಲೇ ಎದ್ದು, ತಾಯಿ ಮರಿಯನ್ನು, ಮರಿ ತಾಯಿಯನ್ನು ಕೂಗುತ್ತ ಅವನ ಎರಡೂ ಬದಿಯಿಂದ ಹರಿದುಹೋಯಿತು. ಅವನು ಗಾಬರಿಯಿಂದ ಬೆರಳು ಬಿಟ್ಟ. ಹೋಗಿಬಿಟ್ಟಿತ್ತು. ತಿರುಗಿ ಕೇಳಿದರೆ ಅವನ ಎರಡು ಮಾತು, ಅದರ ಮೇಲೆ ನೂರೈವತ್ತು ಕುರಿಗಳ ಬ್ಯಾ.

ಗ್ರೂಪಿನಲ್ಲಿ ಹಳದಿ ಮುಖಗಳು ಬಂದು ಬಿದ್ದವು, ಕಣ್ಣೀರು ಬರುವಷ್ಟು ನಗುವ ಮುಖಗಳು. ಅವುಗಳನ್ನು ಓದಲು ಯಾರೂ ಬೇಕಿರಲಿಲ್ಲ. ಆಮೇಲೆ ಒಂದು ದನಿ. ಗುರುತು ಸಿಕ್ಕಿತು, ಊರಿನ ಸಂಗನಬಸವನದು. ಅವನ ಮನೆಯ ಹೊಲದಲ್ಲೂ ಇವನ ಕುರಿ ಎರಡು ವಾರ ನಿಂತಿದ್ದವು. "ಸರ, ಗ್ರೂಪಿನ್ಯಾಗ ಕುರಿ ಹೊಕ್ಕಾವ್ರೀ. ಬೇಲಿ ಹಾಕ್ರಿ ಮದ್ಲ!" ಹಿಂದೆ ಯಾರೋ ಹೆಂಗಸು ನಕ್ಕದ್ದೂ ಕೇಳಿಸಿತು.

ಮಾಳಿಂಗರಾಯ ಹಿಂಡಿನಿಂದ ದೂರ, ಜಾಲಿಯ ಗಿಡದ ಹತ್ತಿರ ನಡೆದ. ಸಪ್ಪಳವಿಲ್ಲದ ಜಾಗದಲ್ಲಿ ನಿಂತು ಸರಿಯಾಗಿ ಹೇಳಬೇಕೆಂದು ಫೋನು ಬಾಯಿಯ ಹತ್ತಿರ ಹಿಡಿದು ನೋಡಿದರೆ ಮೈಕಿನ ಗುರುತು ಇಲ್ಲ. ಅದಿದ್ದ ಕಡೆ ಒಂದು ಸಾಲು ಅಕ್ಷರ ಬಂದು ಕೂತಿತ್ತು. ಒತ್ತಿದ, ಉಜ್ಜಿದ, ಫೋನನ್ನು ಕಂಬಳಿಗೆ ಒರೆಸಿ ಮತ್ತೆ ಒತ್ತಿದ. ನಗುವ ಮುಖಗಳೂ ಆಮೇಲೆ ಬರಲಿಲ್ಲ. ಮಾಸ್ತರು ಗ್ರೂಪಿನ ಬಾಗಿಲು ಹಾಕಿಕೊಂಡಿದ್ದರು; ಇನ್ನು ಅವರದೊಬ್ಬರದೇ ಮಾತು. ಹಿಂದೆ ಬಂದ ಮಾತಿನ ಮೇಲೆ ಹೆಬ್ಬೆರಳು ಇಟ್ಟು ನೋಡಿದ: ಆರು ಚಿತ್ರಗಳು ಮೂಡಿದವು, ಕೊನೆಗೆ ಜೋಡಿಸಿದ ಕೈ. ಅದು ಮಾತ್ರ ಇನ್ನೂ ಇತ್ತು. ಮಾತಾಡಲು ಬರುವುದಿಲ್ಲ, ಕೈ ಮುಗಿಯಲು ಬರುತ್ತದೆ.

"ಮಾವಾ, ನಾ ಊರಿಗೆ ಹೋಗಿ ಬರತೀನಿ."

"ಯಾರಿಗೇನಾತೋ?"

"ಯಾರಿಗೂ ಏನೂ ಆಗಿಲ್ಲ." ಸ್ವಲ್ಪ ದೂರ ಹೋಗಿ ತಿರುಗಿ ನಿಂತು, "ಆ ಬಿಳೀ ಮರಿ ಕಾಲಾಗ ಮುಳ್ಳೈತಿ, ಪೂರಾ ಬಂದಿಲ್ಲ, ನೋಡು" ಎಂದ.

ಅಣ್ಣಿಗೇರಿಯಲ್ಲಿ ಹುಬ್ಬಳ್ಳಿ ಬಸ್ಸು ಸಿಕ್ಕಿತು. ಕಂಬಳಿ ಹೊದ್ದವನ ಪಕ್ಕದ ಸೀಟು ಖಾಲಿಯೇ ಇತ್ತು, ನಿಂತವರಿದ್ದರೂ. ಕಿಟಕಿಯ ಹೊರಗೆ ಬಿಡಿಸಿ ಮುಗಿದ ಹತ್ತಿಯ ಗಿಡಗಳು, ಕಾಲುವೆ, ಮತ್ತೆ ಕರಿಮಣ್ಣು. ದೀಪಾವಳಿಯಾದ ಮೇಲೆ ಹಿಂಡು ಹೊರಡುವ ಮುಂಜಾನೆ ಸುಧಾರಾಣಿ ಅವನ ಬುತ್ತಿಯ ಗಂಟು ಕಟ್ಟುತ್ತ, "ಯಪ್ಪಾ, ಫೋನ್ ಇಲ್ಲೇ ಇಟ್ಟು ಹೋಗು" ಎಂದಿದ್ದಳು. ಫೋನು ಇಟ್ಟು ಹೋದರೆ ನಾಳೆ ಯಾರ ಹೊಲದಲ್ಲಿ ಕುರಿ ನಿಲ್ಲಿಸಬೇಕೆಂದು ಯಾರು ಹೇಳುತ್ತಾರೆ? ದೊಡ್ಡ ಹೊಲದವರೆಲ್ಲ ಈಗ ಫೋನು ಮಾಡಿಯೇ ಕರೆಯುವುದು. ಮನೆಯಲ್ಲಿದ್ದದ್ದು ಅದೊಂದೇ. ಹೆಂಡತಿ ಮೈಲಾರವ್ವ ಯಾರ ಪರವೂ ಮಾತಾಡದೆ ಒಲೆ ಊದಿದಳು. ಸುಧಾರಾಣಿ ಹಟ ಮಾಡಲಿಲ್ಲ. ಅವನು ಕುದುರೆಯ ಮೇಲೆ ಹೇರು ಬಿಗಿಯುವಾಗ ಹತ್ತಿರ ಬಂದು, "ಹಂಗಾರ ಸಾಲಿ ಗ್ರೂಪಿನ್ಯಾಗ ಏನೂ ಒತ್ತಬ್ಯಾಡ ನೋಡು. ತಗದು ನೋಡಾಕೂ ಹೋಗಬ್ಯಾಡ" ಎಂದಳು. ಹುಡುಗಿಗೆ ಸೊಕ್ಕು ಬಂದಿದೆ ಎಂದುಕೊಂಡಿದ್ದ. ಮಾಸ್ತರು ಕರೆದಾಗ ಓಗೊಡಬೇಡ ಎನ್ನುವುದು ಎಂಥ ಮಾತು? ತನಗೆ ಬಾರದ್ದು ಕಲಿತು ಮಗಳು ದೊಡ್ಡವಳಾದಳು, ಆದರೆ ಮರ್ಯಾದೆ ಎನ್ನುವುದು ತನ್ನ ಕಡೆಯೇ ಉಳಿದಿದೆ. ಎಂಥಾ ಸುಖದ ವಿಚಾರವಾಗಿತ್ತು ಅದು. ಆ ಸುಖಕ್ಕೇ ಅಲ್ಲವೇ ಅವನು ಒಂದೂ ತಪ್ಪಿಸದೆ ಕೈ ಮುಗಿದದ್ದು?

ಕಂಡಕ್ಟರ್ ಟಿಕೆಟ್ ಹರಿದು ಕೊಟ್ಟ. ಇವನು ಅವನಿಗೂ ಕೈ ಎತ್ತಿದ.

ಹತ್ತು ದಿನದ ಹಿಂದೆ ಊರಿನ ತಿರಕಪ್ಪನ ಹಿಟ್ಟಿನ ಗಿರಣಿಗೆ ಫೋನು ಮಾಡಿದ್ದ. ಮನೆಯವರೊಡನೆ ಮಾತಾಡಬೇಕಾದರೆ ಅದೇ ದಾರಿ. ಮೈಲಾರವ್ವನ ಬದಲು ಸುಧಾರಾಣಿ ಬಂದಿದ್ದಳು. ಹಿಂದೆ ಹಿಟ್ಟು ಬೀಸುವ ಸದ್ದು, ಸರತಿಗೆ ನಿಂತ ಹೆಂಗಸರ ಮಾತು. "ಯಪ್ಪಾ, ಗ್ರೂಪಿನ್ಯಾಗ ನೀ ಏನರ ಒತ್ತಾಕತ್ತಿಯೇನು?" ಇವನು ಎದೆಯುಬ್ಬಿಸಿ, "ಒಂದೂ ಬಿಟ್ಟಿಲ್ಲವಾ, ಎಲ್ಲಾದಕ್ಕೂ ಒತ್ತೀನಿ" ಎಂದ. ಆ ಕಡೆ ಗಿರಣಿಯೊಂದೇ ತಿರುಗುತ್ತಿತ್ತು. ಮಗಳಿಗೆ ಸಂತೋಷವಾಗಿ ಮಾತು ಹೊರಟಿಲ್ಲ ಎಂದುಕೊಂಡು ಅವನೇ ಫೋನು ಇಟ್ಟಿದ್ದ. ಅಷ್ಟು ಮಂದಿ ಹೆಂಗಸರ ಎದುರು ಅವಳು ಏನೆನ್ನಬೇಕಿತ್ತು? ನಮ್ಮಪ್ಪಗ ಓದಾಕ ಬರೂದಿಲ್ಲ ಎನ್ನಬೇಕಿತ್ತೇ? ಮಾಸ್ತರ ಎದುರೂ ಅವಳು ಅದೊಂದು ಮಾತು ಆಡಿಲ್ಲ. ಫೋನು ಮನೆಯಲ್ಲಿಲ್ಲ ಎಂದಿದ್ದಾಳೆ, ಅಪ್ಪ ಒಯ್ದಿದ್ದಾನೆ ಎಂದಿರಬೇಕು. ಅಪ್ಪ ನೋಡಿ ಕೈ ಮುಗಿಯುತ್ತಾನಲ್ಲ, ನೋಡಿದವನು ನಿನಗೇಕೆ ಹೇಳುವುದಿಲ್ಲ ಎಂದು ಕೇಳಿದಾಗ ಕಂಬದ ಹತ್ತಿರ ಹೋಗಿ ನಿಂತಿದ್ದಾಳೆ. ಅವನ ಐದು ಅಕ್ಷರದ ಸಹಿಯ ಮರ್ಯಾದೆ ಕಾಯುತ್ತ ಎರಡು ವಾರ ಹೊರಗೆ ನಿಂತಿದ್ದಾಳೆ.

ಹುಬ್ಬಳ್ಳಿಯಲ್ಲಿ ಬಸ್ಸು ಬದಲಿಸಿ ಕಲಘಟಗಿಯ ಕಡೆ ಹೊರಟಾಗ ಎದುರಿನ ಸೀಟಿನ ಹುಡುಗಿಯೊಬ್ಬಳು ಫೋನಿನಲ್ಲಿ ಏನೋ ಹಾಡು ಹಚ್ಚಿದ್ದಳು. ಇವನೂ ತನ್ನದನ್ನು ತೆಗೆದು ಮುಂಜಾನೆಯ ತನ್ನ ದನಿಯನ್ನು ಒತ್ತಿದ. ನಮಸ್ಕಾರ್ರೀ ಸರ, ಬ್ಯಾ, ಬ್ಯಾ. ಹುಡುಗಿ ತಿರುಗಿ ನೋಡಿ ನಕ್ಕಳು. ಅವನು ಮತ್ತೆ ಒತ್ತಿದ. ಈ ಸಲ ತನ್ನ ಮಾತನ್ನು ಬಿಟ್ಟು ಕುರಿಗಳನ್ನೇ ಕೇಳಿದ. ಕಾಲು ಕುಂಟುವ ಮರಿಯ ಸಣ್ಣ ದನಿಯೂ ಅದರಲ್ಲಿತ್ತು. ಊರಿನ ಅವನ ಮನೆಯಲ್ಲಿ ಈ ನಾಲ್ಕು ತಿಂಗಳಿಂದ ಒಂದು ಕುರಿಯೂ ಇಲ್ಲ. ಹಟ್ಟಿ ಖಾಲಿ. ಅದು ಊರಿನ ಎಲ್ಲರಿಗೂ ಗೊತ್ತು, ಸಂಗನಬಸವನಿಗೆ ಗೊತ್ತು, ಮಾಸ್ತರು ದಿನಾ ಆ ಹಟ್ಟಿಯ ಮುಂದೆಯೇ ಶಾಲೆಗೆ ಹೋಗುವುದು. ನಲವತ್ತೆರಡು ಮನೆಗಳಲ್ಲಿ ನೂರೈವತ್ತು ಕುರಿ ಒದರಿದವು. ಎಲ್ಲರೂ ಕೇಳಿದರು, ಎಲ್ಲರೂ ನಕ್ಕರು. ಈ ಕುರಿ ಎಲ್ಲಿ ಒದರುತ್ತಿವೆ, ಕುರಿ ಇರುವ ಕಡೆ ಫೋನು, ಫೋನು ಇರುವ ಕಡೆ ಆ ಹುಡುಗಿ ಇಲ್ಲ ಎಂದು ಒಬ್ಬನಿಗೂ ಹೊಳೆಯಲಿಲ್ಲ. ಕಿವಿ ಇದ್ದವರೇ ಎಲ್ಲ. ಓದಿದವರು.

ಮಿಶ್ರಿಕೋಟಿಯಲ್ಲಿ ಇಳಿದು ನಡೆದ. ಶಾಲೆಯ ಗೇಟು ದಾಟುವಾಗ ಮೂರು ಗಂಟೆ ಇದ್ದೀತು. ವರಾಂಡದ ಕಂಬದ ಹತ್ತಿರ ಅವಳು ಇದ್ದಳು, ಚಿತ್ರದಲ್ಲಿ ಇದ್ದಂತೆಯೇ, ಚೀಲ ಮಾತ್ರ ಕೆಳಗಿತ್ತು. ಚಿತ್ರದಲ್ಲಿ ಕಾಣದ್ದು ಈಗ ಕಂಡಿತು: ತಲೆ ಬಗ್ಗಿಸಿದ್ದು ನಾಚಿಕೆಗಲ್ಲ, ಪುಸ್ತಕ ಕೈಯಲ್ಲಿ ಹಿಡಿದು ಒಳಗಿನ ಪಾಠವನ್ನು ಕಿಟಕಿಯಿಂದ ಕೇಳಿ ಗುರುತು ಹಾಕಿಕೊಳ್ಳುತ್ತಿದ್ದಳು. ಅವನು ಹೋಗಿ ಅವಳ ಬಾಜು ನಿಂತ. ಅವಳು ಒಮ್ಮೆ ನೋಡಿ, ಮತ್ತೆ ಪುಸ್ತಕಕ್ಕೆ ಕಣ್ಣು ಹಾಕಿ, ಅರ್ಧ ಹೆಜ್ಜೆ ಆಚೆ ಸರಿದಳು. ಕಂಬಳಿಯ ವಾಸನೆಗಿರಬೇಕು. ಅಥವಾ ಅದಕ್ಕಲ್ಲವೋ ಏನೋ.

ಕಿಟಕಿಯಲ್ಲಿ ಮುಖಗಳು ತುಂಬಿದವು. ಹನುಮೇಶ ಮಾಸ್ತರು ಸೀಮೆಸುಣ್ಣದ ಕೈ ಝಾಡಿಸುತ್ತ ಹೊರಬಂದರು. "ಬಂದ್ರೇನ್ರೀ ಅಂತೂ! ಏನ್ರೀ ಅದು, ಮುಂಜಾನೆ ಕುರಿ ಸಪ್ಪಳಾ ಕಳಿಸೀರಿ, ಗ್ರೂಪಿಗೆ ಗ್ರೂಪs ಮಜಾ ತಗೊಂಡ್ತು. ನಾ ಬಂದ್ ಮಾಡಬೇಕಾತು."

ಮಾಳಿಂಗರಾಯನ ಕೈಗಳು ಹೊಟ್ಟೆಯ ತನಕ ಏರಿದ್ದವು. ನಡುವೆ ಫೋನು ಇದ್ದುದರಿಂದ ಕೂಡಲಿಲ್ಲ.

"ಅದs ನನ್ನ ಮಾತು ರೀ ಸರ" ಎಂದ.

"ಯಾವುದು?"

"ಕುರಿ ಸಪ್ಪಳಾ. ಅವು ಅಣ್ಣಿಗೇರ್ಯಾಗ ಒದರಿದ್ವು. ಫೋನ್ ಅಲ್ಲೇ ಇತ್ತು, ನನ್ನ ಎದಿ ಮ್ಯಾಲ. ದೀಪಾವಳಿಯಿಂದ ಅಲ್ಲೇ ಐತಿ. ನನ್ನ ಹಟ್ಟಿ ಖಾಲಿ ಐತಿ, ನೀವು ದಿನಾ ನೋಡತೀರಿ. ನನ್ನ ಮಗಳು ಸುಳ್ಳು ಹೇಳಿಲ್ರೀ."

"ಮತ್ತ ದಿನಾ ನೋಡಿ ಕೈ..."

"ನೋಡಿದ್ದು ಖರೇರೀ. ಓದಾಕ ಬರೂದಿಲ್ರೀ ನನಗ." ಕಿಟಕಿಯ ಮುಖಗಳಿಗೂ ಕೇಳಲಿ ಎಂದು ದನಿ ಎತ್ತಿದ. "ಹೆಸರು ಬರ್ಯಾಕ ಆಕೀನs ಕಲಿಸ್ಯಾಳ. ಅದೊಂದs ಬರತೈತಿ. ಹೇಳಾಕ ಮೈಕ್ ಒತ್ತಿದೆ, ನೀವು ಮುಚ್ಚಿದ್ರಿ. ಆಕಿ ದಿನಾ ನಿಮ್ಮ ಮುಂದ ನಿಂತು ಹೇಳಿದ್ಲು. ನಿಮಗ ಆಕಿ ಮಾತಿಗಿಂತ ನನ್ನ ಬೆರಳು ದೊಡ್ಡದಾತು."

ಮಾಸ್ತರು ಕೆಟ್ಟವರಲ್ಲ. ಅವರ ಮುಖ ಕೆಂಪಾಯಿತು. ಸೀಮೆಸುಣ್ಣದ ತುಂಡನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಹಾಕಿದರು. "ಅಲ್ರೀ, ಮೊದಲs ನೀವರ ಒಂದು ಮಾತು..." ಎಂದರು. "ಒಳಗ ಹೋಗವಾ" ಎಂದರು ಹುಡುಗಿಗೆ.

ಸುಧಾರಾಣಿ ಚೀಲ ಎತ್ತಿಕೊಂಡಳು. ಅಪ್ಪನ ಮುಂದೆ ಹಾಯುವಾಗ ನಿಂತಳು. ಅವಳು ಅಳುತ್ತಾಳೆಂದು ಅವನು ತಯಾರಾಗಿದ್ದ. ಅವಳ ಕಣ್ಣು ಒಣಗಿದ್ದವು. "ಒತ್ತಬ್ಯಾಡ ಅಂದಿದ್ನಿ" ಎಂದು ಅವನಿಗಷ್ಟೇ ಕೇಳುವಂತೆ ಹೇಳಿ ಒಳಗೆ ಹೋದಳು. ಬೆಂಚಿನ ತುದಿಯ ಹುಡುಗಿ ಜಾಗ ಬಿಟ್ಟುಕೊಟ್ಟಳು. ಎರಡು ವಾರಗಳ ಖಾಲಿ ಜಾಗ ಅಷ್ಟು ಸುಲಭಕ್ಕೆ ತುಂಬಿಹೋಯಿತು.

ಮಾಸ್ತರು ಬಾಗಿಲಲ್ಲೇ ನಿಂತು ತಮ್ಮ ಫೋನು ತೆಗೆದು, ತಲೆ ಬಗ್ಗಿಸಿ, ಏನನ್ನೋ ಬರೆದರು. ಬಹಳ ಹೊತ್ತು ಬರೆದರು. ಬರೆದು, ಇವನ ಕಡೆ ನೋಡದೆ ಒಳಗೆ ಹೋಗಿ ಪಾಠ ಮುಂದುವರಿಸಿದರು. ಇವನ ಕೈಯಲ್ಲಿ ಟಿಣ್ ಎಂದಿತು.

ವರಾಂಡದಲ್ಲಿ ಈಗ ಅವನೊಬ್ಬನೇ. ಮಗಳು ನಿಂತ ಜಾಗದಲ್ಲಿ ಸುಣ್ಣದ ಕಂಬಕ್ಕೆ ಅವಳ ಹೆಗಲಿನ ಎತ್ತರದಲ್ಲಿ ಒಂದು ಮಾಸಿದ ಗುರುತು ಬಿದ್ದಿತ್ತು. ಅವನು ಗ್ರೂಪು ತೆರೆದ. ಅಕ್ಷರಗಳು, ನಾಲ್ಕು ಸಾಲು. ತಪ್ಪಾಯಿತೆಂದು ಬರೆದಿದ್ದಾರೋ, ನಾಳೆಯ ಗಣಿತವೋ, ಓದಲು ಬಾರದ ಪಾಲಕರು ಮೊದಲೇ ತಿಳಿಸಬೇಕೆಂದೋ. ಒಂದು ಅಕ್ಷರವೂ ಅವನತ್ತ ತಿರುಗಿ ನೋಡಲಿಲ್ಲ. ಅವನ ಐದು ಅಕ್ಷರಗಳು ಅದರಲ್ಲಿ ಇರಲಿಲ್ಲ. ಆದರೆ ಹೆಬ್ಬೆರಳಿಗೆ ದಾರಿ ಗೊತ್ತಿತ್ತು. ಅದು ಹೊರಟು ಆ ಸಾಲುಗಳ ಮೇಲೆ ಕೂತಿತು, ಆರು ಚಿತ್ರಗಳು ಮೂಡಿದವು, ಕೊನೆಯಲ್ಲಿ ಜೋಡಿಸಿದ ಕೈ. ಇಷ್ಟು ಮಾತಾಡಿದ್ದಕ್ಕೆ, ದೊಡ್ಡವರ ಎದುರು ದನಿ ಎತ್ತಿದ್ದಕ್ಕೆ ಒಂದೇ ಒಂದು ಒತ್ತಿದರೆ ಎಲ್ಲ ಸರಿಹೋಗುತ್ತದೆ ಎನಿಸಿತು. ಎದೆ ಹಗುರಾಗುತ್ತದೆ. ಅವನು ತಲೆಯೆತ್ತಿದ. ಕಿಟಕಿಯ ಸರಳುಗಳ ಆಚೆಯಿಂದ ಸುಧಾರಾಣಿ ನೋಡುತ್ತಿದ್ದಳು. ಅವನ ಮುಖವನ್ನಲ್ಲ, ಹೆಬ್ಬೆರಳನ್ನು.

ಅವನು ಅದನ್ನು ಮೆಲ್ಲಗೆ ಎತ್ತಿ, ಮುಷ್ಟಿಯೊಳಗೆ ಮಡಚಿಕೊಂಡ.